ತೋಡಿನ ನಾಡಿಪರೀಕ್ಷೆ

ಪಡುವಣ ಘಟ್ಟದ ಬುಡದಲ್ಲಿರುವ ಮಾಳದಿಂದ ಹೊರಟು ಕಾರ್ಕಳ, ಮಣಿಪಾಲ, ಉಡುಪಿಗಳ ಮೂಲಕ ಕಾಪುವಿನ ಕಡಲ ದಂಡೆಗೆ ಬರುವವನು, ದಾರಿಯಲ್ಲಿ ಎಷ್ಟು ಕಡೆ ಹರಿಯುವ ನೀರನ್ನು ದಾಟಿದೆನೆಂದು ಎಣಿಸತೊಡಗಿದರೆ ಬೇಗನೆ ಲೆಕ್ಕ ತಪ್ಪುವುದು. ದೊಡ್ಡವುಗಳಿಗೆ ಹೆಸರುಂಟು: ಸ್ವರ್ಣಾ, ಸೀತಾ, ಶಾಂಭವಿ, ಪಾಪನಾಶಿನಿ. ಚಿಕ್ಕವುಗಳನ್ನು ಈ ಸೀಮೆಯ ಜನ ಬರಿಯ ‘ತೋಡು’ ಎಂದು ಕರೆದು ಸುಮ್ಮನಾಗುವರು. ಗದ್ದೆಯ ಬದಿಯಲ್ಲಿ, ಅಡಿಕೆತೋಟದ ನಡುವೆ, ಈಗೀಗ ಪೇಟೆಯ ಕಟ್ಟಡಗಳ ಹಿಂಬದಿಯಲ್ಲಿ ಅವು ಹರಿಯುವುವು. ಇಂಥ ಒಂದು ತೋಡಿನ ನೀರು ಹೇಗಿದೆ ಎಂದು ಕೇಳಿದರೆ, ಊರಿನ ಹಿರಿಯರು ಬಗ್ಗಿ ನೋಡಿ, ಮೂಸಿ, ಒಂದು ಉತ್ತರ ಹೇಳುವರು. ಅದನ್ನು ಹಗುರವಾಗಿ ಎಣಿಸಬೇಕಾಗಿಲ್ಲ. ಮೂಗು ಬಹಳ ಸೂಕ್ಷ್ಮವಾದ ಉಪಕರಣ. ಆದರೆ ಅದು ದೂರು ಕೊಡುವ ಹೊತ್ತಿಗೆ ರೋಗ ಬಹಳ ಮುಂದುವರಿದಿರುತ್ತದೆ. ಅದಕ್ಕೂ ಮೊದಲೇ ತಿಳಿಯುವ ಬಗೆ ಯಾವುದು ಎಂಬುದು ಈ ಲೇಖನದ ವಿಷಯ.

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಉಡುಪಿ ಮತ್ತು ಮಣಿಪಾಲಗಳಿಗೆ ಕುಡಿಯುವ ನೀರು ಬರುವುದು ಸ್ವರ್ಣಾ ನದಿಗೆ ಬಜೆಯಲ್ಲಿ ಕಟ್ಟಿದ ಒಡ್ಡಿನಿಂದ. ೨೦೧೯ರ ಮೇ ತಿಂಗಳಲ್ಲಿ ಅಲ್ಲಿ ನೀರು ಬತ್ತಿಹೋಗಿ ನಗರದ ಜನ ಟ್ಯಾಂಕರುಗಳ ದಾರಿ ಕಾಯಬೇಕಾಯಿತು. ಇನ್ನೊಂದೆಡೆ ಇಂದ್ರಾಣಿಯೆಂಬ ಹೊಳೆಯುಂಟು. ಅದು ಮಣಿಪಾಲದ ಕಡೆಯ ಎತ್ತರದಿಂದಿಳಿದು, ಉಡುಪಿಯ ಕಲ್ಸಂಕವನ್ನು ಹಾದು ಪಡುವಲಿಗೆ ಹರಿಯುವುದು. ನಗರದ ಕೊಳಚೆ ಅದನ್ನು ಸೇರುತ್ತಿದೆಯೆಂಬ ಬಗೆಗೂ ದಡದ ಬಾವಿಗಳ ನೀರು ಕೆಟ್ಟುಹೋದ ಬಗೆಗೂ ಅನೇಕ ವರ್ಷಗಳಿಂದ ದೂರುಗಳಿವೆ. ಮನೆಮನೆಗೆ ಬಾವಿಯಿರುವ ನಮ್ಮ ಜಿಲ್ಲೆಯಲ್ಲಿ ತೋಡಿನ ನೀರಿಗೂ ಬಾವಿಯ ನೀರಿಗೂ ನಡುವೆ ಇರುವುದು ಕೆಲವು ಮಾರು ಮುರಕಲ್ಲಿನ ಮಣ್ಣು ಮಾತ್ರ. ಆ ಕಲ್ಲಾದರೋ ಜರಡಿಯಂತೆ ತೂತುಳ್ಳದ್ದು.

ಮೊದಲಿಗೆ ಒಂದು ಗೊಂದಲವನ್ನು ಬಗೆಹರಿಸಿಕೊಳ್ಳೋಣ. ತೋಡು ಆರೋಗ್ಯವಾಗಿದೆ ಎಂದರೆ ಅದರ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿಯಬಹುದು ಎಂದರ್ಥವಲ್ಲ. ದಟ್ಟ ಕಾಡಿನ ಝರಿಯಲ್ಲಿಯೂ ಕಾಡುಪ್ರಾಣಿಗಳ ಮಲದಿಂದ ಬಂದ ರೋಗಾಣುಗಳು ಇರಬಹುದು. ಕ್ಲೋರಿನ್ ಬೆರೆಸಿದ ನಲ್ಲಿಯ ನೀರು ನಮಗೆ ಕ್ಷೇಮ. ಅದರಲ್ಲಿ ಬಿಟ್ಟ ಮೀನಿಗೆ ಮರಣ. ತೋಡಿನ ಆರೋಗ್ಯವೆಂದರೆ, ಅಲ್ಲಿ ಇರತಕ್ಕ ಜೀವಿಗಳೆಲ್ಲ ಇದ್ದು, ಬಿದ್ದ ಎಲೆಯನ್ನೂ ಸತ್ತ ಹುಳುವನ್ನೂ ಕರಗಿಸಿಕೊಂಡು, ಮಳೆಗಾಲದ ಪ್ರವಾಹವನ್ನೂ ಬೇಸಗೆಯ ಬಡತನವನ್ನೂ ತಾಳಿ ಮತ್ತೆ ಮೊದಲಿನ ಸ್ಥಿತಿಗೆ ಬರುವ ಶಕ್ತಿ.

ಈ ಶಕ್ತಿಯನ್ನು ಕಣ್ಣಳತೆಯಿಂದ ನಿರ್ಣಯಿಸಲು ಹೋದರೆ ಎರಡು ಕಡೆಯಿಂದಲೂ ಮೋಸವುಂಟು. ಜೂನ್ ತಿಂಗಳಲ್ಲಿ ನಮ್ಮ ತೋಡುಗಳೆಲ್ಲ ಕೆಂಪಾಗಿ ಹರಿಯುವುವು. ಕೆಲವು ದಿನದ ಕೆಂಪು ರೋಗವಲ್ಲ. ಮುರಕಲ್ಲಿನ ಒರತೆಗಳ ಬಾಯಲ್ಲಿ ಕಿತ್ತಳೆಬಣ್ಣದ ಲೋಳೆಯೂ, ನೀರ ಮೇಲೆ ಕಾಮನಬಿಲ್ಲಿನಂತೆ ಮಿನುಗುವ ಪೊರೆಯೂ ಕಾಣುವುದುಂಟು. ಎಷ್ಟೋ ಜನ ಅದನ್ನು ಯಾರೋ ಚೆಲ್ಲಿದ ಡೀಸೆಲ್ ಎಂದುಕೊಳ್ಳುವರು. ಒಂದು ಕಡ್ಡಿಯಿಂದ ಕಲಕಿ ನೋಡಬೇಕು. ಎಣ್ಣೆಯ ಪೊರೆಯಾದರೆ ಸುಳಿದು ಮತ್ತೆ ಒಂದಾಗುವುದು. ಗಾಜು ಒಡೆದಂತೆ ಮೂಲೆಮೂಲೆಯಾಗಿ ಚೂರಾದರೆ ಅದು ಕಬ್ಬಿಣದ ಅಂಶವನ್ನು ಉಪಯೋಗಿಸಿಕೊಂಡು ಬದುಕುವ ಬ್ಯಾಕ್ಟೀರಿಯಾಗಳ ಕೆಲಸ. ಮುರಕಲ್ಲಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಇದಕ್ಕೆ ಪ್ರತಿಯಾಗಿ, ಸ್ಫಟಿಕದಂತೆ ತಿಳಿಯಾಗಿದ್ದು ಒಂದು ಹುಳುವೂ ಇಲ್ಲದ ತೋಡು ಇರಬಹುದು. ಕೀಟನಾಶಕ ತೊಳೆದು ಬಂದ ನೀರಿಗೆ ಬಣ್ಣ ಬರಬೇಕೆಂಬ ನಿಯಮವೇನೂ ಇಲ್ಲ.

ಹಾಗಾದರೆ ಅಳೆಯತಕ್ಕದ್ದು ಏನನ್ನು? ಮೊಟ್ಟಮೊದಲನೆಯದಾಗಿ, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. ಒಂದು ಲೀಟರ್ ಗಾಳಿಯಲ್ಲಿ ಸುಮಾರು ೨೭೦ ಮಿಲಿಗ್ರಾಂ ಆಮ್ಲಜನಕವಿರುವುದು. ಅದೇ ಗಾಳಿಯನ್ನು ಮುಟ್ಟಿಕೊಂಡಿರುವ ಒಂದು ಲೀಟರ್ ಸಿಹಿನೀರು ೨೭ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿಸಿಕೊಳ್ಳಬಲ್ಲುದು ಸುಮಾರು ೮ ಮಿಲಿಗ್ರಾಂ ಮಾತ್ರ. ನೀರು ಬೆಚ್ಚಗಾದಷ್ಟೂ ಈ ಪಾಲು ಇನ್ನೂ ಕುಗ್ಗುವುದು: ೨೦ ಡಿಗ್ರಿಯಲ್ಲಿ ೯.೧ ಮಿಲಿಗ್ರಾಂ ಇದ್ದದ್ದು ೩೦ ಡಿಗ್ರಿಯಲ್ಲಿ ೭.೬ಕ್ಕೆ ಇಳಿಯುವುದು. ದಡದ ಮರಗಳನ್ನು ಕಡಿದರೆ ತೋಡಿಗೆ ಆಗುವ ಮೊದಲ ನಷ್ಟ ಇದೇ. ನೆರಳು ಹೋಗಿ ನೀರು ಕಾಯುವುದು. ಅದೂ ಅಲ್ಲದೆ, ಕಾದ ನೀರಿನಲ್ಲಿ ಹುಳುಮೀನುಗಳ ಉಸಿರಾಟ ಚುರುಕಾಗಿ ಅವು ಹೆಚ್ಚು ಆಮ್ಲಜನಕವನ್ನು ಬೇಡುವುವು. ಆದಾಯ ಇಳಿದ ತಿಂಗಳಲ್ಲಿಯೇ ಮನೆಗೆ ನೆಂಟರು ಬಂದಂತೆ.

ಈ ೮ ಮಿಲಿಗ್ರಾಂ ಎಷ್ಟು ಬಡ ಸಂಪತ್ತೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಚಮಚ ಸಕ್ಕರೆ, ಎಂದರೆ ೫ ಗ್ರಾಂ, ತೋಡಿಗೆ ಬಿತ್ತೆನ್ನಿ. ನೀರಿನ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಸಂಪೂರ್ಣವಾಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನಾಗಿ ಮಾಡಬೇಕಾದರೆ, ರಸಾಯನದ ಸಮೀಕರಣದಂತೆ, ಪ್ರತಿ ೩೪೨ ಗ್ರಾಂ ಸಕ್ಕರೆಗೆ ೩೮೪ ಗ್ರಾಂ ಆಮ್ಲಜನಕ ಬೇಕು. ೫ ಗ್ರಾಮಿಗೆ ಸುಮಾರು ೫.೬ ಗ್ರಾಂ ಆಯಿತು. ಲೀಟರಿಗೆ ೮ ಮಿಲಿಗ್ರಾಮಿನಂತೆ ಇದು ೭೦೦ ಲೀಟರ್ ನೀರಿನಲ್ಲಿರುವ ಆಮ್ಲಜನಕವೆಲ್ಲ ಸೇರಿದಷ್ಟು! ಗಂಜಿಯ ತೆಳಿ, ಬಚ್ಚಲಿನ ನೀರು, ಶೌಚದ ಕೊಳಚೆ, ಹೋಟೆಲುಗಳ ಎಂಜಲು ಇವೆಲ್ಲ ಮಾಡುವುದು ಇದನ್ನೇ. ಅವುಗಳಲ್ಲಿ ವಿಷವೆಂಬುದು ಇರಬೇಕಾಗಿಯೇ ಇಲ್ಲ. ಮೀನು ಸಾಯುವುದು ವಿಷದಿಂದಲ್ಲ, ಉಸಿರುಗಟ್ಟಿ.

ಕಳೆದುಕೊಂಡ ಆಮ್ಲಜನಕವನ್ನು ತೋಡು ಗಾಳಿಯಿಂದ ಮತ್ತೆ ಪಡೆಯಬಲ್ಲುದು. ಆದರೆ ನಿಂತ ನೀರಿನಲ್ಲಿ ಆಮ್ಲಜನಕ ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಆದುದರಿಂದಲೇ ಕಲ್ಲುಗಳ ಮೇಲೆ ನೊರೆಯೆದ್ದು ಹರಿಯುವ ಭಾಗಗಳು ತೋಡಿನ ಶ್ವಾಸಕೋಶಗಳು. ಒಂದು ಕಡೆ ಖರ್ಚು, ಒಂದು ಕಡೆ ಜಮೆ. ಇವೆರಡರ ಲೆಕ್ಕವನ್ನು ಅಮೆರಿಕದ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬವರು ಓಹಾಯೋ ನದಿಯ ಅಧ್ಯಯನದಿಂದ ೧೯೨೫ರಲ್ಲಿ ಸಮೀಕರಣವಾಗಿ ಬರೆದರು. ಕೊಳಚೆ ಸೇರಿದ ಜಾಗದಲ್ಲಿಯೇ ಆಮ್ಲಜನಕ ಅತ್ಯಂತ ಕಡಮೆಯಿರುವುದಿಲ್ಲ, ಅಲ್ಲಿಂದ ಕೆಳಗೆ ಹರಿಯುತ್ತ ಕುಗ್ಗಿ ಕುಗ್ಗಿ, ಒಂದು ತಳವನ್ನು ಮುಟ್ಟಿ, ಬಳಿಕ ಮೆಲ್ಲನೆ ಏರುವುದು ಎಂಬುದು ಅವರ ವಕ್ರರೇಖೆಯ ಸಾರ. ಕೊಳವೆಯ ಬಾಯಲ್ಲಿ ನೀರು ಪರೀಕ್ಷಿಸಿ ‘ಅಷ್ಟೇನೂ ಕೆಟ್ಟಿಲ್ಲ’ ಎನ್ನುವವರು ಈ ರೇಖೆಯನ್ನು ಮರೆತವರು. ಕೆಡುಕಿನ ಪೂರ್ಣ ಫಲವನ್ನು ಉಣ್ಣುವುದು ಕೆಳಗಿನ ಊರು.

ಆಮ್ಲಜನಕವನ್ನು ಅಳೆಯುವ ಕ್ರಮವನ್ನು ಹಂಗೆರಿಯ ಲಾಯೋಶ್ ವಿಂಕ್ಲರ್ ೧೮೮೮ರಲ್ಲಿ ಕಂಡುಹಿಡಿದನು. ಈಗ ವಿದ್ಯುತ್ ಮಾಪಕಗಳು ಬಂದಿದ್ದರೂ ಕಾಲೇಜಿನ ಪ್ರಯೋಗಶಾಲೆಗೆ ಅದೇ ಸಾಕು. ಗುಳ್ಳೆಯೊಂದೂ ಉಳಿಯದಂತೆ ಸೀಸೆಯಲ್ಲಿ ತುಂಬಿದ ನೀರಿಗೆ ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರ ಬೆರೆತ ಪೊಟ್ಯಾಸಿಯಂ ಅಯೊಡೈಡನ್ನೂ ಹಾಕಿದರೆ ಒತ್ತರವುಂಟಾಗುವುದು. ಆಮ್ಲಜನಕವಿದ್ದರೆ ಅದು ಕಂದು, ಇಲ್ಲದಿದ್ದರೆ ಬಿಳುಪು. ಆಮ್ಲ ಹಾಕಿದಾಗ ಕಂದು ಒತ್ತರ ಕರಗಿ ಅಯೊಡಿನ್ ಹೊರಬರುವುದು. ಅದನ್ನು ಪಿಷ್ಟದ ನೀಲಿ ಮಾಯವಾಗುವವರೆಗೆ ಥಯೋಸಲ್ಫೇಟಿನಿಂದ ಅಳೆಯಬೇಕು. ಇದೇ ನೀರಿನ ಇನ್ನೊಂದು ಸೀಸೆಯನ್ನು ಕತ್ತಲೆಯಲ್ಲಿ ಕೆಲವು ದಿನವಿಟ್ಟು ಮತ್ತೆ ಅಳೆದರೆ, ಎಷ್ಟು ಖರ್ಚಾಯಿತೆಂಬುದು ಗೊತ್ತಾಗುವುದು. ಬಿ.ಒ.ಡಿ. ಎಂಬ ಅಳತೆ ಇದೇ. ಬ್ರಿಟನ್ನಿನವರು ಇದಕ್ಕೆ ಐದು ದಿನ ಗೊತ್ತುಪಡಿಸಿದರು. ಅಲ್ಲಿನ ನದಿಗಳು ಐದು ದಿನಗಳೊಳಗೆ ಸಮುದ್ರ ಸೇರುವುವೆಂಬುದು ಅದಕ್ಕೆ ಹೇಳುವ ಕಾರಣ. ನಮ್ಮ ದೇಶದಲ್ಲಿ ೨೭ ಡಿಗ್ರಿಯಲ್ಲಿ ಮೂರು ದಿನವೆಂಬ ಕ್ರಮ ರೂಢಿಗೆ ಬಂದಿದೆ. ಕರಾವಳಿಗೆ ಇದು ಹೊಂದುವ ಮಾತೇ: ಸೆಕೆಂಡಿಗೆ ೩೦ ಸೆಂಟಿಮೀಟರ್ ವೇಗದಲ್ಲಿ ಹರಿಯುವ ನೀರು ದಿನಕ್ಕೆ ಸುಮಾರು ೨೬ ಕಿಲೋಮೀಟರ್ ಸಾಗುವುದು, ಘಟ್ಟದಿಂದ ಕಡಲಿಗೆ ನಮ್ಮ ಹೊಳೆಗಳ ಉದ್ದ ನೂರು ಕಿಲೋಮೀಟರಿಗೂ ಕಡಮೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯ ಪ್ರಕಾರ ಸ್ನಾನಕ್ಕೆ ತಕ್ಕ ನೀರಿನಲ್ಲಿ ಲೀಟರಿಗೆ ಆಮ್ಲಜನಕ ೫ ಮಿಲಿಗ್ರಾಮಿಗೆ ಕಡಮೆಯಾಗಕೂಡದು, ಬಿ.ಒ.ಡಿ. ೩ ಮಿಲಿಗ್ರಾಮನ್ನು ಮೀರಕೂಡದು.

ಒಂದು ಎಚ್ಚರಿಕೆ. ಪಾಚಿ ಬೆಳೆದ ತೋಡಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಅಳೆದರೆ ಆಮ್ಲಜನಕ ೧೦ ಮಿಲಿಗ್ರಾಂ ತೋರಿ ಸಂತೋಷವಾದೀತು. ಬಿಸಿಲಿನಲ್ಲಿ ಪಾಚಿ ತಯಾರಿಸಿದ ಸರಕದು. ರಾತ್ರಿಯೆಲ್ಲ ಅದೇ ಪಾಚಿ ಉಸಿರಾಡಿ, ಬೆಳಗಿನ ಜಾವಕ್ಕೆ ೨ಕ್ಕೆ ಇಳಿಸಿರಬಹುದು. ಮೀನಿನ ಜೀವ ಹೋಗುವುದು ಆ ಹೊತ್ತಿನಲ್ಲಿ, ನಾವು ಹಾಸಿಗೆಯಲ್ಲಿರುವಾಗ. ಗಂಟೆಯನ್ನು ಬರೆದಿಡದ ಅಳತೆಗೆ ಬೆಲೆಯಿಲ್ಲ.

ವಿದ್ಯುದ್ವಾಹಕತೆಯ ವಿಷಯದಲ್ಲಿ ನಮ್ಮ ಸೀಮೆ ಪುಣ್ಯಶಾಲಿ. ಸ್ವರ್ಣೆಯ ಮೇಲುಭಾಗದ ಬಂಡೆಗಳು ಗ್ರಾನೈಟಿನ ಜಾತಿಯ ನೈಸ್ ಶಿಲೆಗಳು. ಅವು ನೀರಿಗೆ ಬಿಟ್ಟುಕೊಡುವ ಲವಣ ಅತ್ಯಲ್ಪ. ಶುದ್ಧವಾದ ತೋಡಿನಲ್ಲಿ ವಾಹಕತೆ ಸಾಮಾನ್ಯವಾಗಿ ಸೆಂಟಿಮೀಟರಿಗೆ ೧೦೦ ಮೈಕ್ರೊಸೀಮೆನ್ಸಿಗೂ ಕೆಳಗಿರುವುದು. ಮನೆಗಳ ಕೊಳಚೆಯಲ್ಲಾದರೋ ಉಪ್ಪು, ಸಾಬೂನು, ಮೂತ್ರಗಳ ಲವಣ ಸೇರಿ ಅದು ಹಲವು ನೂರಾಗಿರುವುದು. ಬಿಳಿಯ ಬಟ್ಟೆಯ ಮೇಲೆ ಕಲೆ ಬೇಗ ಕಾಣುವಂತೆ, ಮೃದುವಾದ ನೀರಿನಲ್ಲಿ ಕೊಳಚೆಯ ಸುಳಿವು ಬೇಗ ಸಿಕ್ಕುವುದು. ಸಾಬೂನುಪೆಟ್ಟಿಗೆಗಿಂತ ಚಿಕ್ಕ ಮಾಪಕವೊಂದನ್ನು ಹಿಡಿದು ತೋಡಿನ ಉದ್ದಕ್ಕೂ ನೂರು ಹೆಜ್ಜೆಗೊಮ್ಮೆ ಅಳೆಯುತ್ತ ಹೋದರೆ, ಪೊದೆಯ ಹಿಂದೆ ಅಡಗಿಸಿಟ್ಟ ಕೊಳವೆಯೂ ಸಿಕ್ಕಿಬೀಳುವುದು. ಸಂಖ್ಯೆ ಒಮ್ಮೆಗೇ ನೆಗೆಯುವ ಜಾಗದಲ್ಲಿ ದಡವನ್ನು ಹುಡುಕಿದರಾಯಿತು. ಉಷ್ಣತೆ ಒಂದು ಡಿಗ್ರಿ ಏರಿದರೆ ವಾಹಕತೆ ಶೇಕಡಾ ಎರಡರಷ್ಟು ತಾನಾಗಿಯೇ ಏರುವುದೆಂಬುದನ್ನು ಮಾತ್ರ ಮರೆಯಬಾರದು.

ಮಣ್ಣಿನ ವಿಷಯಕ್ಕೆ ಬರೋಣ. ಕೆಂಪುಕಲ್ಲಿನ ಕ್ವಾರಿ, ರಸ್ತೆಯ ಅಗಲೀಕರಣ, ಬೋಳಿಸಿದ ಗುಡ್ಡ ಇವುಗಳಿಂದ ವರ್ಷವಿಡೀ ಹುಡಿಮಣ್ಣು ಬರತೊಡಗಿದರೆ ಅದು ಜೂನಿನ ಕೆಂಪಿನಂತಲ್ಲ. ಸ್ಟೋಕ್ಸನ ನಿಯಮವನ್ನು ಓದಿದ ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ: ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ದಪ್ಪದ ಕಣ, ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಮೂರು ಗಂಟೆ ಬೇಕು, ಅದರ ಹತ್ತನೆಯ ಒಂದರಷ್ಟು ದಪ್ಪದ್ದಾದರೆ ನೂರು ಪಟ್ಟು ಕಾಲ, ಎಂದರೆ ಹನ್ನೆರಡು ದಿನಕ್ಕಿಂತಲೂ ಹೆಚ್ಚು. ಹೀಗೆ ತೇಲಿಕೊಂಡೇ ಇದ್ದು ಬೆಳಕನ್ನು ತಡೆಯುವುದು ಒಂದು ಹಾನಿ. ಕೊನೆಗೆ ಇಳಿದು, ಕಲ್ಲುಗಳ ನಡುವಣ ಸಂದುಗಳನ್ನು ತುಂಬಿಬಿಡುವುದು ಅದಕ್ಕಿಂತ ದೊಡ್ಡ ಹಾನಿ. ಏಕೆಂದರೆ ತೋಡಿನ ಸಂಸಾರವೆಲ್ಲ ಇರುವುದು ಆ ಸಂದುಗಳಲ್ಲಿ. ಘಟ್ಟದ ಆಚೆ ಕುದುರೆಮುಖದ ಕಬ್ಬಿಣದ ಗಣಿಗಾರಿಕೆಯಿಂದ ಭದ್ರಾನದಿಗೆ ಸೇರುತ್ತಿದ್ದ ಹೂಳು ದೊಡ್ಡ ವಿವಾದವಾಗಿ, ೨೦೦೫ರ ಕೊನೆಗೆ ಆ ಗಣಿ ನಿಂತದ್ದನ್ನು ಓದುಗರು ಬಲ್ಲರು.

ಆ ಸಂಸಾರದ ಪರಿಚಯ ಮಾಡಿಕೊಳ್ಳದೆ ಪರೀಕ್ಷೆ ಪೂರ್ಣವಾಗದು. ಭೌತವಿಜ್ಞಾನದವನಾದ ನಾನೂ ಒಪ್ಪಬೇಕಾದ ಮಾತಿದು: ಮಾಪಕ ಹೇಳುವುದು ಈ ಗಳಿಗೆಯ ಸುದ್ದಿ. ರಾತ್ರಿ ಹತ್ತಕ್ಕೆ ಟ್ಯಾಂಕರಿನ ಕೊಳಚೆ ಸುರಿದು ಹೋದರೆ ಬೆಳಗ್ಗೆ ಹತ್ತರ ಮಾಪಕಕ್ಕೆ ಅದು ತಿಳಿಯದು. ಆದರೆ ಕಲ್ಲಿನಡಿಯ ಹುಳು ರಾತ್ರಿಯಿಡೀ ಅಲ್ಲಿಯೇ ಇತ್ತು. ಅದು ತಿಂಗಳುಗಟ್ಟಲೆ ಅಲ್ಲಿಯೇ ಇರುವ ಸಾಕ್ಷಿ. ಹರಿವಿಗೆ ಎದುರಾಗಿ ಸೊಳ್ಳೆಪರದೆಯ ಬಟ್ಟೆಯ ಬಲೆಯನ್ನು ಹಿಡಿದು, ಅದರ ಮೇಲ್ಗಡೆಯ ಕಲ್ಲುಗಳನ್ನು ಕಾಲಿನಿಂದ ಮೂರು ನಿಮಿಷ ಕದಡಿದರೆ ಸಾಕು. ಬಿಳಿಯ ತಟ್ಟೆಯೊಂದಕ್ಕೆ ಸುರಿದುಕೊಂಡಾಗ ಒಂದು ಊರೇ ಓಡಾಡತೊಡಗುವುದು. ಚಪ್ಪಟೆ ಮೈಯ, ಮೂರು ಬಾಲದೆಳೆಗಳ ಮೇಫ್ಲೈ ಮರಿ ಇದೆಯೆ? ಹರಿಯುವ ನೀರಿನ ವೇಗ ಕಲ್ಲಿನ ಮೈಯಲ್ಲಿ ಸೊನ್ನೆಯಾಗುವುದೆಂಬ ತತ್ತ್ವವನ್ನು ಪ್ರಾಂಟ್ಲ್ ೧೯೦೪ರಲ್ಲಿ ವಿವರಿಸಿದನು; ಈ ಮರಿ ಕಲ್ಲಿಗಂಟಿಕೊಂಡು ಅದರ ಲಾಭವನ್ನು ಬಹು ಹಿಂದಿನಿಂದಲೂ ಪಡೆಯುತ್ತಿದೆ. ಎರಡು ಬಾಲಗಳ ಸ್ಟೋನ್‌ಫ್ಲೈ, ಮರಳಿನ ಕಣಗಳನ್ನು ರೇಷ್ಮೆಯಿಂದ ಹೊಲಿದು ಕೊಳವೆಯ ಮನೆ ಮಾಡಿಕೊಳ್ಳುವ ಕ್ಯಾಡಿಸ್ ಮರಿ, ಇವೆಲ್ಲ ಆಮ್ಲಜನಕದ ವಿಷಯದಲ್ಲಿ ಹಟಮಾರಿಗಳು. ನೀರು ಕೆಟ್ಟರೆ ಮೊದಲು ಮಾಯವಾಗುವುವು ಇವೇ. ಕೆಟ್ಟ ಮೇಲೂ ಉಳಿಯುವವರ ಉಪಾಯಗಳು ಬೇರೆ. ಕೆಂಪು ರಕ್ತಹುಳುವಿಗೆ ನಮ್ಮಂತೆಯೇ ಹೀಮೊಗ್ಲೋಬಿನ್ ಇದ್ದು ಅಲ್ಪಸ್ವಲ್ಪ ಆಮ್ಲಜನಕವನ್ನೂ ಹಿಡಿದುಕೊಳ್ಳುವುದು. ಸೊಳ್ಳೆಯ ಮರಿ ಬಾಲದ ಕೊಳವೆಯನ್ನು ನೀರ ಮೇಲಕ್ಕೆ ಚಾಚಿ ಗಾಳಿಯನ್ನೇ ಕುಡಿಯುವುದು. ಮೀಸೆಯ ಮುಗುಡು ಕೂಡ ಮೇಲೆದ್ದು ಗಾಳಿ ನುಂಗಬಲ್ಲುದು, ಆದ್ದರಿಂದ ‘ಮೀನಿದೆಯಲ್ಲ!’ ಎಂಬ ಸಮಾಧಾನಕ್ಕೆ ಯಾವ ಮೀನು ಎಂದು ಕೇಳಬೇಕಾಗುವುದು.

ಬ್ರಿಟನ್ನಿನಲ್ಲಿ ಇಂಥ ಕುಟುಂಬಗಳಿಗೆ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು, ಎರೆಹುಳುವಿನ ಜಾತಿಗೆ ೧, ರಕ್ತಹುಳುವಿಗೆ ೨, ಸ್ಟೋನ್‌ಫ್ಲೈಯಂಥವಕ್ಕೆ ೧೦ ಎಂದು ಕೂಡಿಸಿ ಸರಾಸರಿ ತೆಗೆಯುವ ಪದ್ಧತಿಯಿದೆ. ಅದರ ಪಟ್ಟಿ ಅಲ್ಲಿನ ತಣ್ಣನೆಯ ನದಿಗಳಿಗಾಗಿ ಮಾಡಿದುದು. ಮಾಳದ ಕಾಡಿನ ತೋಡಿಗೆ ಅದನ್ನು ಹಾಗೆಯೇ ಹೊದಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಹುಳುಗಳ ಹೆಸರೇ ಗೊತ್ತಿಲ್ಲದವರಿಗೆ ಇನ್ನೊಂದು ದಾರಿಯುಂಟು. ಅಮೆರಿಕದ ಜಾನ್ ಕೇರ್ನ್ಸ್ ಮತ್ತು ಸಂಗಡಿಗರು ೧೯೬೮ರಲ್ಲಿ, ಜೀವವಿಜ್ಞಾನಿಗಳಲ್ಲದವರಿಗೆಂದೇ ಅದನ್ನು ಪ್ರಕಟಿಸಿದರು. ತಟ್ಟೆಯ ಜೀವಿಗಳನ್ನು ಚೆನ್ನಾಗಿ ಕಲಸಿ, ಕಣ್ಣಿಗೆ ಸಿಕ್ಕಿದಂತೆ ಒಂದೊಂದಾಗಿ ನೋಡುತ್ತ ಹೋಗಬೇಕು. ಪ್ರತಿಯೊಂದನ್ನೂ ಅದರ ಹಿಂದಿನದರೊಡನೆ ಮಾತ್ರ ಹೋಲಿಸಬೇಕು: ಅದೇ ಬಗೆಯದೆ, ಬೇರೆಯದೆ? ಬೇರೆಯಾದಾಗಲೆಲ್ಲ ಹೊಸ ಸರಣಿ ಆರಂಭವಾಯಿತೆಂದು ತಿಳಿಯಬೇಕು. ಹತ್ತು ಜೀವಿಗಳು ಅ ಅ ಇ ಉ ಉ ಅ ಎ ಇ ಇ ಒ ಎಂದು ಬಂದವೆನ್ನಿ. ಸರಣಿಗಳು ಏಳು, ಜೀವಿಗಳು ಹತ್ತು, ಸೂಚ್ಯಂಕ ೦.೭. ಇನ್ನೊಂದು ಕಡೆ ಅ ಅ ಅ ಅ ಅ ಅ ಇ ಅ ಅ ಅ ಎಂದು ಬಂದರೆ ಸರಣಿಗಳು ಮೂರೇ, ಸೂಚ್ಯಂಕ ೦.೩. ಸಂಭವನೀಯತೆಯ ಗಣಿತ ಇದರ ಹಿಂದಿದೆ: ಹತ್ತು ಬಗೆಗಳು ಸಮಸಂಖ್ಯೆಯಲ್ಲಿದ್ದರೆ, ಮುಂದಿನದು ಬೇರೆಯಾಗುವ ಸಂಭವ ಹತ್ತರಲ್ಲಿ ಒಂಬತ್ತು, ಎರಡೇ ಬಗೆಗಳಿದ್ದರೆ ಅರ್ಧಕ್ಕರ್ಧ. ಹತ್ತು ಜೀವಿಗಳಿಂದ ನಿರ್ಣಯ ಮಾಡಕೂಡದು, ಇನ್ನೂರಾದರೂ ಬೇಕು. ಎಣಿಸಿದ ಮೇಲೆ ಎಲ್ಲವನ್ನೂ ಮರಳಿ ನೀರಿಗೆ ಬಿಡತಕ್ಕದ್ದು.

ಬಂದ ಸಂಖ್ಯೆ ಒಳ್ಳೆಯದೋ ಕೆಟ್ಟದೋ? ಇದಕ್ಕೆ ಉತ್ತರ ಪುಸ್ತಕದಲ್ಲಿಲ್ಲ, ಇನ್ನೊಂದು ತೋಡಿನಲ್ಲಿದೆ. ಅದೇ ಅಗಲ, ಅದೇ ಬಗೆಯ ಬಂಡೆ, ಅದೇ ತಿಂಗಳು, ಆದರೆ ಮನುಷ್ಯನ ಕೈ ಹೆಚ್ಚು ತಗಲದ ಒಂದು ತೋಡನ್ನು ಅಳೆದು ಇದರೊಡನೆ ಹೋಲಿಸಬೇಕು. ಮಾಳದ ಆಸುಪಾಸು ಇದಕ್ಕೆ ತಕ್ಕ ಜಾಗ. ರಾಷ್ಟ್ರೀಯ ಉದ್ಯಾನದ ಎಲ್ಲೆಯೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಲವಾದರೆ ಮಳೆ ನಿಂತು ಹರಿವು ಹದಕ್ಕೆ ಬರುವ ನವೆಂಬರಿನ ನಂತರ; ಮಳೆಗಾಲದಲ್ಲಿ ತೋಡಿಗಿಳಿಯುವುದು ಪ್ರಾಣಾಪಾಯ. ಮಣಿಪಾಲದ ಮುರಕಲ್ಲಿನ ಬಯಲಿನಲ್ಲಿ ಮಾತ್ರ ಈ ನಿಯಮ ತಿರುವುಮುರುವಾಗುವುದು. ಅಲ್ಲಿನ ತೋಡುಗಳು ಹುಟ್ಟುವುದೇ ಮಳೆಗಾಲದ ಹೊಂಡಗಳಲ್ಲಿ. ‘ಬಂಜರು’ ಎಂದು ಬರೆದುಬಿಡುವ ಅಂಥ ನೆಲದಿಂದಲೇ ೨೦೧೬ರಲ್ಲಿ ಒಂದೂವರೆ ಸೆಂಟಿಮೀಟರಿಗಿಂತ ತುಸು ದೊಡ್ಡದಾದ ಹೊಸ ಜಾತಿಯ ಕಪ್ಪೆಯೊಂದನ್ನು ವಿಜ್ಞಾನಿಗಳು ವರ್ಣಿಸಿದರು. ಮುರಕಲ್ಲಿನ ಹೆಸರನ್ನೇ ಅದಕ್ಕಿಟ್ಟು ಮೈಕ್ರೊಹೈಲಾ ಲ್ಯಾಟರೈಟ್ ಎಂದು ಕರೆದಿದ್ದಾರೆ.

ಬಯಲಿಗೆ ಇಳಿದ ಮೇಲೆ ಹೋಲಿಕೆ ಕಷ್ಟವಾಗುತ್ತ ಹೋಗುವುದು. ಮಳೆ ಕಳೆದೊಡನೆ ರೈತರು ತೋಡಿಗೆ ಮಣ್ಣಿನ ಕಟ್ಟ ಹಾಕುವರು, ಇಲ್ಲವೆ ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸುವರು. ನೀರು ನಿಂತಿತು, ಹರಿಯುವ ನೀರಿನ ಹುಳುಗಳು ಹೋಗಿ ಕೆರೆಯ ಹುಳುಗಳು ಬಂದುವು. ಸೂಚ್ಯಂಕ ಇಳಿದರೂ ಇದನ್ನು ಕೊಳಚೆಯ ಸಾಲಿಗೆ ಸೇರಿಸುವುದು ಅನ್ಯಾಯ. ಆ ಕಟ್ಟದಿಂದಲೇ ಸುತ್ತಲಿನ ಬಾವಿಗಳಲ್ಲಿ ಏಪ್ರಿಲ್‌ವರೆಗೆ ನೀರು ಉಳಿಯುವುದು. ತಳದ ಕೆಸರನ್ನು ಎತ್ತಿ ನೋಡಿದರೆ ಭೇದ ತಿಳಿಯುವುದು. ಕೊಳಚೆಯಿಂದ ಆಮ್ಲಜನಕ ಮುಗಿದಲ್ಲಿ ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ನಾತ ಬರುವುದು. ನಮ್ಮ ಮಣ್ಣಿನ ಕಬ್ಬಿಣ ಗಂಧಕದೊಡನೆ ಕೂಡಿದ ಬಣ್ಣವದು.

ಕಾಪು, ಉದ್ಯಾವರಗಳ ಕಡೆಗೆ ಬಂದಾಗ ಇನ್ನೊಂದು ಅಡ್ಡಿ ಎದುರಾಗುವುದು. ಉದ್ಯಾವರದ ಹೊಳೆ ಕಡಲಿನ ಪಕ್ಕದಲ್ಲಿಯೇ ಉತ್ತರಕ್ಕೆ ಹರಿದು ಮಲ್ಪೆಯ ಬಳಿ ಸಮುದ್ರವನ್ನು ಸೇರುವುದು. ಬೇಸಗೆಯಲ್ಲಿ ಸಿಹಿನೀರು ಕ್ಷೀಣಿಸಿದಾಗ ಉಬ್ಬರದೊಡನೆ ಉಪ್ಪುನೀರು ಒಳನಾಡಿಗೆ ನುಗ್ಗುವುದು. ಅದು ಲೀಟರಿಗೆ ೨೫ ಗ್ರಾಮಿನಷ್ಟು ಹೆಚ್ಚು ಭಾರವಾದ್ದರಿಂದ ಸಿಹಿನೀರಿನ ಅಡಿಯಲ್ಲಿ ಬೆಣೆಯಂತೆ ಸರಿಯುತ್ತ ಹೋಗುವುದು. ಮೇಲಿನ ನೀರನ್ನು ಚೆಂಬಿನಲ್ಲಿ ಎತ್ತಿ ರುಚಿ ನೋಡಿದವರಿಗೆ ಅದರ ಸುಳಿವೂ ಸಿಕ್ಕದು. ಮಾಪಕವನ್ನು ದಾರಕ್ಕೆ ಕಟ್ಟಿ ತಳದವರೆಗೆ ಇಳಿಸಿದಾಗ, ಮೇಲೆ ಕೆಲವು ನೂರಿದ್ದ ವಾಹಕತೆ ಕೆಳಗೆ ಸಾವಿರಗಟ್ಟಲೆಯಾಗಬಹುದು. ಅಪ್ಪಟ ಕಡಲ ನೀರಿನಲ್ಲಿ ಅದು ೫೦,೦೦೦ದಷ್ಟು. ಅಲ್ಲಿ ಮೇಫ್ಲೈ ಕಾಣದಿದ್ದರೆ ಯಾರನ್ನೂ ದೂರಬೇಕಾಗಿಲ್ಲ. ಏಡಿ, ಸಿಗಡಿ, ಕಪ್ಪೆಚಿಪ್ಪುಗಳ ರಾಜ್ಯ ಅಲ್ಲಿಂದ ಪ್ರಾರಂಭವಾಗುವುದು. ಅದಕ್ಕೆ ಬೇರೆ ಪಟ್ಟಿ, ಬೇರೆ ತಟ್ಟೆ.